ಎಲೆಯ ಮೇಲಿನ ಹಿಟ್ಟು

ಜಾಬ್ರಿಯಾ, ಕುವೈತ್
27 ಮಾರ್ಚ್ 2025, ಗುರುವಾರ

ಪ್ರೀತಿಯ ಝಾಹಿದಾ,

ಇಪ್ಪತ್ತೇಳು ವರ್ಷ ಎದುರುಬದುರು ಬಾಗಿಲಲ್ಲಿ ಇದ್ದವರಿಗೆ ಕಾಗದ ಬರೆಯುವ ಅಗತ್ಯ ಬೀಳುವುದಿಲ್ಲ. ನನ್ನ ಕೈಬರಹ ನಿನಗೆ ಗೊತ್ತಿರುವುದು ಬಾಗಿಲಿಗೆ ಅಂಟಿಸಿದ ಚೀಟಿಗಳಿಂದ. ಸಿರಪ್ ಆರು ಗಂಟೆಗೆ, ಒಂದೂವರೆ ಚಮಚ. ಇವತ್ತು ಡಬಲ್ ಡ್ಯೂಟಿ, ಊಟ ಮಾಡಿಸಿ ಮಲಗಿಸು. ಆ ಚೀಟಿಗಳಲ್ಲಿ ಒಮ್ಮೆಯೂ ನಿನ್ನ ಹೆಸರು ಬರೆದಿರಲಿಲ್ಲ ಎಂದು ಮೇಲಿನ ಸಾಲು ಬರೆದ ಮೇಲೆ ಹೊಳೆಯಿತು.

ನನ್ನ ಗಂಡನ ಮನೆಯ ಕಡೆಯ ಹುಡುಗ, ಆಸ್ಟಿನ್‌ನ ಅಕ್ಕನ ಮಗ ಪ್ರೀತಮ್ ನಾಳೆ ಸಂಜೆಯ ವಿಮಾನದಲ್ಲಿ ಮಂಗಳೂರಿಗೆ ಹೋಗುತ್ತಾನೆ. ಶನಿವಾರ ಉಪ್ಪಿನಂಗಡಿಗೆ ಬಂದು ಪೊಟ್ಟಣವನ್ನು ನಿನ್ನ ಕೈಗೇ ಕೊಡುತ್ತಾನೆ. ನಿನ್ನ ಉಮ್ಮನಿಗೆ ದೊಡ್ಡವರ ಡೈಪರ್, ಸೊಂಟಕ್ಕೆ ಹಚ್ಚುವ ಮುಲಾಮು, ನಿಮ್ಮ ಹಬ್ಬಕ್ಕೆ ಖರ್ಜೂರ. ಕಾಗದ ಖರ್ಜೂರದ ಡಬ್ಬದ ಕೆಳಗಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ಮಾತಿಗಿಂತ ಹೆಚ್ಚು ಉಸಿರನ್ನು ಕೇಳುತ್ತೀ. ವಾಟ್ಸಾಪಿನಲ್ಲಿ ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದೆ. "ಎಂಥ ಮಾರಾಯ್ತಿ, ಬರೆಯುವುದೆಂತ, ಡಿಲೀಟ್ ಮಾಡುವುದೆಂತ! ಯಾರದ್ದಾದರೂ ಲವ್ ಲೆಟರ್ ತಪ್ಪಿ ನನಗೆ ಬಂತಾ?" ಎಂದು ನೀನು ವಾಯ್ಸ್ ಕಳಿಸಿದ್ದೆ. ಆಸ್ಟಿನ್ ಕೇಳಿ ನಕ್ಕ. ನಾನೂ ನಕ್ಕೆ. ಅಳಿಸಲು ಸಾಧ್ಯವಿರುವ ಜಾಗದಲ್ಲಿ ನಾನು ನಿಜ ಬರೆಯುವವಳಲ್ಲ ಎಂದು ಆಗ ತಿಳಿಯಿತು.

ಮೊದಲು ಸುದ್ದಿ. ರಿಯೋನಾ ಬಾಣಂತನಕ್ಕೆ ನನ್ನನ್ನು ಕರೆದಿದ್ದಾಳೆ. ಕಳೆದ ಭಾನುವಾರ ಲೀಡ್ಸ್‌ನಿಂದ ಫೋನ್ ಮಾಡಿದ್ದಳು. ಮೇ ಕೊನೆಗೆ ದಿನ ತುಂಬುತ್ತದಂತೆ. ಅವರ ಮನೆಯಲ್ಲಿ ಇರುವುದು ಒಂದೇ ಹೆಚ್ಚಿನ ಕೋಣೆ, ಅದರಲ್ಲಿ ಒಂದೇ ಮಂಚ, ಹಾಗಾಗಿ ಒಬ್ಬರು ಮಾತ್ರ ಬರಬಹುದು ಎಂದಳು. ಸ್ವಲ್ಪ ಸುಮ್ಮನಿದ್ದು, "ಮಮ್ಮಿ, ವಿಲ್ ಯು ಕಮ್?" ಎಂದಳು. ಆ ಸ್ವಲ್ಪ ಹೊತ್ತು ಏಕೆ ಸುಮ್ಮನಿದ್ದಳು ಎಂದು ನಾನು ಕೇಳಲಿಲ್ಲ. ಮರುದಿನವೇ ಕ್ಲಿನಿಕ್‌ನಲ್ಲಿ ರಜೆಯ ಅರ್ಜಿ ಕೊಟ್ಟೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅರ್ಜಿಯಲ್ಲಿ ಕಾರಣದ ಸಾಲನ್ನು ಪೂರ್ತಿ ತುಂಬಿದೆ.

ನಿನಗೆ ಇದನ್ನು ಹೇಳಲು ನಾಲ್ಕು ದಿನ ತಡಮಾಡಿದ್ದೇನೆ. ಈ ತಿಂಗಳಿಡೀ ನೀನು ಅವಳ ಹೆಸರೆತ್ತಿಲ್ಲ. ಮೊದಲೆಲ್ಲ ದಿನಕ್ಕೊಮ್ಮೆ, ಹುಡುಗಿ ಏನು ತಿಂದಳಂತೆ, ವಾಂತಿ ನಿಂತಿತಾ, ಕಾಲು ಬಾತಿದೆಯಾ ಎಂದು ಕೇಳುತ್ತಿದ್ದವಳು. ಈಗ ಉಮ್ಮನ ಸೊಂಟ, ಊರಿನ ಸೆಖೆ, ಉಪವಾಸ, ಗಿಡಗಳು. ಗಿಡಗಳ ಬಗ್ಗೆ ಮಾತ್ರ ಎರಡೆರಡು ಸಲ.

ಗಿಡಗಳ ಬಗ್ಗೆಯೇ ಬರೆಯಬೇಕಾಗಿದೆ.

ಹೋದ ವರ್ಷಕ್ಕೆ ಹಿಂದಿನ ಕ್ರಿಸ್ಮಸ್‌ಗೆ ರಿಯೋನಾ ಬಂದಾಗ ಸೂಟ್‌ಕೇಸ್ ತೆರೆದದ್ದು ನಿನ್ನ ಹಾಲಿನಲ್ಲಿ. ನಮ್ಮ ಬಾಗಿಲು ತೆರೆದೇ ಇತ್ತು, ನಾನು ಅಲ್ಲೇ ನಿಂತಿದ್ದೆ, ಆದರೂ ಅವಳ ಕಾಲು ಅಭ್ಯಾಸದಿಂದ ಬಲಕ್ಕೆ ತಿರುಗಿತು. ನನಗೆ ಉಣ್ಣೆಯ ಸ್ವೆಟರ್ ತಂದಿದ್ದಳು. ಕುವೈತಿನಲ್ಲಿ ಅದನ್ನು ಹಾಕಿಕೊಳ್ಳಲು ವರ್ಷಕ್ಕೆ ಒಂಬತ್ತು ದಿನ ಸಿಗುತ್ತದೆ. ನಿನಗೆ ಒದ್ದೆ ಕಾಗದದಲ್ಲಿ ಸುತ್ತಿದ ಆರು ಪುಟ್ಟ ಗಿಡಗಳು. ಆರಿಕ್ಯುಲಾ ಎಂದಳು. ಅವಳ ಮನೆಯ ಹಿಂದಿನ ಮುದುಕಿಯೊಬ್ಬಳು ಕುಂಡಗಳಲ್ಲಿ ಬೆಳೆಸುತ್ತಾಳಂತೆ, ಮರದ ಮೆಟ್ಟಿಲುಗಳ ಮೇಲೆ ಜೋಡಿಸಿಟ್ಟು, ಎಲೆಗೆ ಮಳೆ ತಾಗದ ಹಾಗೆ ಮೇಲೆ ಮಾಡು ಹಾಕಿ. ಬೆಟ್ಟದ ಚಳಿಯ ಗಿಡ. ಅದನ್ನು ಈ ಊರಿಗೆ ತರುವುದು ಮೀನನ್ನು ಮರಕ್ಕೆ ಹತ್ತಿಸಿದ ಹಾಗೆ ಎಂದು ನಾನು ಹೇಳಿದೆ. ನೀನು ಒಂದು ಎಲೆಯ ಮೇಲೆ ಬೆರಳಿಟ್ಟೆ. ಬೆರಳಿಗೆ ಬಿಳಿ ಹಿಟ್ಟು ಹತ್ತಿತು. "ಅಲ್ಲಾ, ಇದು ಪತ್ತಿರಿ ರೊಟ್ಟಿಗೆ ಹಿಟ್ಟು ಉದುರಿಸಿದ ಹಾಗೆ ಉಂಟಲ್ಲ!" ಎಂದೆ. ಅಂದಿನಿಂದ ಅದು ಹಿಟ್ಟಿನ ಗಿಡ. ಎಲೆಯ ಮೇಲೆ ಉಳಿದ ನಿನ್ನ ಬೆರಳಿನ ಗುರುತನ್ನು ರಿಯೋನಾ ತೋರಿಸಿ, ಝಾಯಿಮ್ಮ, ಇದೊಂದು ಕ್ಷಮಿಸಿದ್ದೇನೆ, ಇನ್ನು ಮುಟ್ಟಬಾರದು, ಆ ಹಿಟ್ಟೇ ಅದರ ಚರ್ಮ ಎಂದಳು. ನನ್ನ ಕಡೆ ತಿರುಗಿ, "ಮಮ್ಮಿ, ಯು ಸ್ಪೆಷಲಿ. ಡೋಂಟ್ ಟಚ್" ಎಂದಳು. ಎಲ್ಲರೂ ನಕ್ಕರು. ನಿನ್ನ ಗಂಡ ಶಬೀರ್ ಭಾಯಿ ಬಹಳ ಹೊತ್ತು ನಕ್ಕ.

ಅವಳು ಝಾಯಿಮ್ಮ ಎನ್ನುವುದು ನನಗೆ ಕೇಳಿಸದಷ್ಟು ಹಳೆಯದಾಗಿತ್ತು. ಅಂದು ಅದರೊಳಗಿನ ಅಮ್ಮ ಕೇಳಿಸಿತು.

ಆ ಗಿಡಗಳನ್ನು ನೀನು ಸಾಕಿದ್ದು ನನಗೆ ಗೊತ್ತು, ಇಲ್ಲವೆನ್ನುವುದಿಲ್ಲ. ಫಹಾಹೀಲ್‌ನ ಅಕ್ವೇರಿಯಂ ಅಂಗಡಿಯಿಂದ ಸಣ್ಣ ಕಲ್ಲು ತರಿಸಿ, ರವೆ ಜರಡಿಯಲ್ಲಿ ಸೋಸಿ, ಮಣ್ಣಿಗೆ ಬೆರೆಸಿದೆ. ಎತ್ತರದ ಮಣ್ಣಿನ ಕುಂಡ ಸಿಗದೆ ಮೂರು ಶುಕ್ರವಾರ ಸಂತೆ ಸುತ್ತಿದೆ. ಚಹಾದ ಕೆಟಲ್‌ನ ಮೂತಿಯಿಂದ ಬುಡಕ್ಕೆ ಮಾತ್ರ ನೀರು. ಆದರೆ ಮೇ ಬಂದಾಗ ಎರಡು ಗಿಡ ಒಂದೇ ವಾರದಲ್ಲಿ ಕೊಳೆತವು. ನೀನು ಅನ್ನ ಬಿಟ್ಟೆ. ಆಗ ನಮ್ಮ ಕ್ಲಿನಿಕ್‌ನ ಲಸಿಕೆ ಕೋಣೆಯಿಂದ ಹೊರಗೆ ಹಾಕಿದ್ದ ಗಾಜಿನ ಬಾಗಿಲಿನ ಫ್ರಿಜ್ಜನ್ನು ಕೇಳಿ, ಕಟ್ಟಡ ಕಾಯುವ ಹಾರಿಸನಿಗೆ ಮತ್ತು ಇಬ್ಬರು ಬಂಗಾಳಿಗಳಿಗೆ ಹೇಳಿ ಮೂರನೇ ಮಹಡಿಗೆ ಹೊರಿಸಿದವಳು ನಾನು. ಒಳಗೆ ಟ್ಯೂಬ್‌ಲೈಟ್ ಹಾಕಿಸಿದವಳು, ಹನ್ನೆರಡು ಡಿಗ್ರಿಗೆ ನಿಲ್ಲಿಸಿದವಳು, ಕ್ಲಿನಿಕ್‌ನ ಹಾಗೆ ಬೆಳಿಗ್ಗೆ ಎಂಟಕ್ಕೆ ಸಂಜೆ ನಾಲ್ಕಕ್ಕೆ ಉಷ್ಣತೆ ಬರೆಯುವ ಹಾಳೆ ತೂಗುಹಾಕಿದವಳು ನಾನು. ಹೊರಗೆ ಐವತ್ತು ಡಿಗ್ರಿ ಇದ್ದಾಗ ನಿನ್ನ ಗಿಡಗಳು ಲಸಿಕೆಯ ಜಾಗದಲ್ಲಿ ಕುಳಿತಿದ್ದವು. ನಾಲ್ಕು ಉಳಿದವು. ರಿಯೋನಾ ಎಲ್ಲರಿಗೂ ತೋರಿಸಿದ ಫೋಟೋದಲ್ಲಿ ನೀನಿದ್ದೆ, ಗಿಡಗಳಿದ್ದವು, ಫ್ರಿಜ್ಜಿನ ಹಿಡಿ ಸ್ವಲ್ಪ ಕಾಣುತ್ತಿತ್ತು.

ಇದನ್ನು ಲೆಕ್ಕ ಹೇಳಲು ಬರೆಯುತ್ತಿಲ್ಲ. ನನ್ನೊಳಗೆ ಇದು ಯಾವ ಆಕಾರದಲ್ಲಿ ಕುಳಿತಿದೆ ಎಂದು ನೋಡಲು ಬರೆಯುತ್ತಿದ್ದೇನೆ. ನಾನು ಯಾವಾಗಲೂ ಫ್ರಿಜ್ಜು, ಝಾಹಿದಾ. ಅವಳು ಹುಟ್ಟಿದ ಎಪ್ಪತ್ತನೇ ದಿನ ಡ್ಯೂಟಿಗೆ ಹೋದೆ. ಹಾಲು ಹಿಂಡಿ ಬಾಟಲಿಗಳ ಮೇಲೆ ಗಂಟೆ ಬರೆದಿಟ್ಟೆ. ಕುಡಿಸಿದ್ದು ನೀನು. ಈ ಕಟ್ಟಡದಲ್ಲಿ ಹುಟ್ಟಿದ ಹನ್ನೊಂದು ಮಕ್ಕಳನ್ನು ಕಾಲಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದವಳು ನೀನು, ಒಂದನ್ನೂ ಹೆರದೆ. ನಾನು ಸಾವಿರಾರು ಮಕ್ಕಳನ್ನು ಮುಟ್ಟಿದ್ದೇನೆ. ಅವು ನನ್ನ ಯೂನಿಫಾರ್ಮಿನ ಬಣ್ಣ ಕಂಡೇ ಅಳಲು ಶುರುಮಾಡುತ್ತವೆ.

ಈಗ ನಡೆದದ್ದು.

ಫೆಬ್ರವರಿಯಲ್ಲಿ ಉಮ್ಮ ಬಿದ್ದ ಸುದ್ದಿ ಬಂದು ನೀನು ಹೊರಟಾಗ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದೆ. ಶಬೀರ್ ನೀರು ಹಾಕಿದರೆ ಪ್ಲಾಸ್ಟಿಕ್ ಹೂವೂ ಕೊಳೆಯುತ್ತದೆ, ನೀನೇ ನೋಡಬೇಕು ಎಂದೆ. ಫ್ರಿಜ್ಜಿನ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದೆ: ಎಲೆ ಒರೆಸಬೇಡ. ಚಳಿಗಾಲವಾದ್ದರಿಂದ ನಾಲ್ಕೂ ಕುಂಡಗಳು ನಿನ್ನ ಅಡುಗೆಮನೆಯ ಬಾಲ್ಕನಿಯಲ್ಲಿ, ಬಿಸಿಲು ಬೀಳದ ಕಟ್ಟೆಯ ಮೇಲಿದ್ದವು. ದಿನವೂ ಸಂಜೆ ಹೋಗಿ ನೋಡಿ, ಫ್ರಿಜ್ಜಿನ ಹಾಳೆಯಲ್ಲೇ ಬರೆಯುತ್ತಿದ್ದೆ. ಮಾರ್ಚ್ ಮೊದಲ ವಾರಕ್ಕೆ ನಾಲ್ಕರ ನಡುವಿನಿಂದಲೂ ಮೊಗ್ಗಿನ ದಂಟು ಎದ್ದಿತು. ದಂಟಿಗೂ ಹಿಟ್ಟು, ಮೊಗ್ಗಿಗೂ ಹಿಟ್ಟು. ನಿಜ ಹೇಳುತ್ತೇನೆ, ಚೆಂದವಿತ್ತು.

ಮಾರ್ಚ್ ಐದು ನಮಗೆ ಬೂದಿ ಬುಧವಾರ. ಮಧ್ಯಾಹ್ನ ಧೂಳುಗಾಳಿ ಎದ್ದಿತು. ಆಕಾಶ ಚಹಾದ ಬಣ್ಣಕ್ಕೆ ತಿರುಗಿ, ಎದುರಿನ ಜಮಿಯಾ ಅಂಗಡಿಯ ಬೋರ್ಡೂ ಕಾಣಲಿಲ್ಲ. ಸಂಜೆ ನಿಂತಿತು. ಇಗರ್ಜಿಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳು ನಮ್ಮ ಮನೆಯ ಕಿಟಕಿ, ಕುರ್ಚಿ, ಮನಿಪ್ಲಾಂಟಿನ ಒಂದೊಂದು ಎಲೆ, ಎಲ್ಲ ಒರೆಸಿದೆ. ಧೂಳು ನಿಂತ ಮೇಲೆ ಈ ಊರಿನಲ್ಲಿ ಎಲೆ ಒರೆಸದ ಹೆಂಗಸು ಯಾರಿದ್ದಾಳೆ? ಅದೇ ಕೈಯಲ್ಲಿ ನಿನ್ನ ಮನೆಗೆ ಬಂದೆ. ನಾಲ್ಕೂ ಗಿಡಗಳ ಎಲೆ ಒರೆಸಿದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಅಭ್ಯಾಸದ ತಪ್ಪು. ನೀನು ಅತ್ತು, ಬೈದು, ಕೊನೆಗೆ ನಗುತ್ತಿದ್ದೆ, ಕುವೈತಿನವರ ಕೈಗೆ ಬಟ್ಟೆ ಕೊಟ್ಟರೆ ಒಂಟೆಯನ್ನೂ ಒರೆಸುತ್ತಾರೆ ಎನ್ನುತ್ತಿದ್ದೆ. ಈ ಕಾಗದದ ಮೊದಲ ಪ್ರತಿಯಲ್ಲಿ ಹಾಗೆಯೇ ಬರೆದಿದ್ದೆ. ಹರಿದೆ.

ಧೂಳು ಹಳದಿ, ಹಿಟ್ಟು ಬಿಳಿ. ಮೂವತ್ತು ವರ್ಷ ಇಲ್ಲಿದ್ದವಳಿಗೆ ಅದು ಕಾಣುತ್ತದೆ. ಧೂಳನ್ನು ಊದಿದ್ದರೆ ಹೋಗುತ್ತಿತ್ತು. ಮೊದಲ ಎಲೆಯನ್ನು ಒರೆಸಿದಾಗ ಕೆಳಗಿನಿಂದ ಹಸಿರು ಬಂತು, ಯಾವ ಗಿಡದ್ದೂ ಆಗಬಹುದಾದ ಹಸಿರು. ಆಗ ನಿನ್ನ ಚೀಟಿ ನೆನಪಾಯಿತು. ಕೈ ನಿಂತಿತು. ಅಡುಗೆಮನೆಗೆ ಹೋಗಿ ಬಟ್ಟಲಲ್ಲಿ ನೀರು ತಂದೆ. ಉಗುರುಬೆಚ್ಚಗೆ ಮಾಡಿ ತಂದೆ. ಎರಡನೇ ಎಲೆ, ಮೂರನೇ ಎಲೆ, ಮೇಲೆ ಕೆಳಗೆ, ಬುಡದ ಸಂದು, ದಂಟು. ಊಟವಾದ ಮೇಲೆ ಮಗುವಿನ ಬಾಯಿ ಒರೆಸುವ ಹಾಗೆ, ಒಂದು ಕೈಯಲ್ಲಿ ಗಲ್ಲ ಹಿಡಿದು. ಅವಸರವೇ ಇರಲಿಲ್ಲ ನನಗೆ. ಇಷ್ಟು ನಿಧಾನವಾಗಿ ನಾನು ಯಾವುದನ್ನೂ ಒರೆಸಿದ ನೆನಪಿಲ್ಲ. ಆ ಅರ್ಧ ಗಂಟೆ ನಾನು ಸಂತೋಷವಾಗಿದ್ದೆ. ನನ್ನ ಹಣೆಯ ಬೂದಿ ಮಾತ್ರ ಹಾಗೇ ಇತ್ತು. ಅದನ್ನು ಒರೆಸಬಾರದು ಎಂದು ನನಗೆ ಚಿಕ್ಕಂದಿನಿಂದ ಗೊತ್ತು.

ಯಾವ ಬಟ್ಟೆ ಎಂದು ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನನ್ನ ಕೈಯ ಬಟ್ಟೆ ಕೊಳೆಯಾಗಿತ್ತು. ನಿನ್ನ ಒಳಕೋಣೆಯ ಕಪಾಟಿನಲ್ಲಿ ಹುಡುಕಿದೆ. ಮೇಲಿನ ಹಲಗೆಯಲ್ಲಿ ಹಳೆಯ ಮೆತ್ತನೆ ಹತ್ತಿಬಟ್ಟೆಯಲ್ಲಿ ಹೊಲಿದ ಮಗುವಿನ ಹೊದಿಕೆಗಳು, ಏಳು, ಅಂಚಿಗೆ ನಿನ್ನ ಕೈಯ ನೇರ ಹೊಲಿಗೆ. ಒಂದು ನಿನ್ನ ಹಸಿರು ಸೀರೆಯದ್ದು, ರಿಯೋನಾ ಸೆರಗು ಹಿಡಿದು ನಡೆಯಲು ಕಲಿತದ್ದು. ನೀನು ನನಗೆ ಹೇಳಿರಲಿಲ್ಲ. ಅವುಗಳ ಅಡಿಯಲ್ಲಿ ಹೊಸ ಸೂಟ್‌ಕೇಸಿನ ರಶೀದಿಯೂ ಇತ್ತು. ಹಸಿರಿನದ್ದನ್ನೇ ತೆಗೆದುಕೊಂಡೆ. ಆಮೇಲೆ ಒಗೆದು ಇಸ್ತ್ರಿ ಮಾಡಿ ಇದ್ದ ಜಾಗದಲ್ಲಿಟ್ಟಿದ್ದೇನೆ. ಗುರುತು ಸಿಗುವುದಿಲ್ಲ.

ಅಂದಿನಿಂದ ನಾನು ದಿನವೂ ಕಳಿಸಿದ ಫೋಟೋಗಳು ಮಾರ್ಚ್ ನಾಲ್ಕರದ್ದು. ಅವತ್ತು ಹತ್ತಿಪ್ಪತ್ತು ತೆಗೆದಿದ್ದೆ, ಬೇರೆ ಬೇರೆ ಕಡೆಯಿಂದ. ಹತ್ತೊಂಬತ್ತನೇ ತಾರೀಖಿನ ಫೋಟೋ ನೋಡಿ ನೀನು, ಎಂಥ ವೆನ್ನಿ, ಅಲ್ಲಿ ಸೂರ್ಯನಿಗೂ ಇಕಾಮಾ ಪರ್ಮಿಟ್ ಮುಗಿದಿದೆಯಾ, ನೆರಳು ಅಲುಗುವುದೇ ಇಲ್ಲವಲ್ಲ, ಎಂದು ಕೇಳಿದ್ದೆ. ನಾನು ನಗುವಿನ ಚಿಹ್ನೆ ಕಳಿಸಿದೆ. ನೀನು ಆ ಫೋಟೋಗಳನ್ನು ರಿಯೋನಾಳಿಗೆ ಕಳಿಸಿದೆ. ಅವಳು ಅವನ್ನೇ ನನಗೆ ಕಳಿಸಿದಳು: ನೋಡು ಮಮ್ಮಿ, ಝಾಯಿಮ್ಮನ ಗಿಡಗಳು ಎಷ್ಟು ಚೆಂದ!

ಶಬೀರ್ ಭಾಯಿ ಒಮ್ಮೆ ಉಪವಾಸ ಬಿಡಲು ಬೇಗ ಬಂದವನು ಬಾಲ್ಕನಿಗೆ ಇಣುಕಿದ. ಅವನು ಸೊಂಟಕ್ಕೆ ಕೈ ಕೊಟ್ಟು ನೋಡಿ, "ಮಾಶಾ ಅಲ್ಲಾಹ್, ಈಗ ಗಿಡ ಗಿಡದ ಹಾಗೆ ಉಂಟು. ಮುಂಚೆ ಸುಣ್ಣ ಬಳಿದ ಹಾಗೆ ಇತ್ತು" ಎಂದ. ನಿನ್ನ ಬದುಕಿನ ಬಗ್ಗೆ ಆಗ ಸ್ವಲ್ಪ ಕನಿಕರ ಹುಟ್ಟಿತು. ಅದು ಅಸೂಯೆಗೆ ತುಂಬ ಹತ್ತಿರದ ಜಾಗದಿಂದಲೇ ಬರುತ್ತದೆ ಎಂದೂ ಗೊತ್ತಾಯಿತು.

ಗಿಡಗಳು ಸತ್ತಿಲ್ಲ. ಮೂರರ ಮೊಗ್ಗು ಒಣಗಿತು, ದಂಟನ್ನು ಒದ್ದೆ ಮಾಡಿದ್ದರಿಂದ ಇರಬೇಕು. ಒಂದು ಮೊನ್ನೆ ಅರಳಿದೆ. ಒಣಗಿದ ದ್ರಾಕ್ಷಿಯ ಕೆಂಪು, ನಡುವೆ ಬಿಳಿ ಬಳೆ, ಅದರೊಳಗೆ ಹಳದಿ. ಆ ಬಳೆಯೂ ಹಿಟ್ಟಿನದ್ದೇ. ಅದು ಮೊಗ್ಗಿನೊಳಗೆ ಮುಚ್ಚಿಕೊಂಡಿದ್ದರಿಂದ ನನ್ನ ಬಟ್ಟೆಗೆ ಸಿಕ್ಕಿರಲಿಲ್ಲ. ಒರೆಸಿದ ಎಲೆಗಳಿಗೆ ಹಿಟ್ಟು ಮರಳಿ ಬರುವುದಿಲ್ಲವಂತೆ, ರಿಯೋನಾಳ ಮುದುಕಿ ಬರೆದುಕೊಟ್ಟ ಹಾಳೆಯಲ್ಲಿ ಓದಿದೆ. ಹೊಸ ಎಲೆ ಮಾತ್ರ ಹಿಟ್ಟಿನೊಂದಿಗೇ ಹುಟ್ಟುತ್ತದೆ. ಒಂದರ ನಡುವೆ ಹೊಸ ಎಲೆ ಕಾಣುತ್ತಿದೆ. ನಾನು ಒಂದು ಗೇಣು ದೂರದಿಂದ ನೋಡುತ್ತೇನೆ.

ಉಷ್ಣತೆಯ ಹಾಳೆಯನ್ನು ಮಡಚಿ ಇದರೊಂದಿಗೆ ಇಟ್ಟಿದ್ದೇನೆ. ನಮ್ಮ ಕೆಲಸದಲ್ಲಿ ಬರೆಯದಿದ್ದದ್ದು ಮಾಡಿದ ಹಾಗಲ್ಲ, ಬರೆದದ್ದನ್ನು ಉಜ್ಜಿ ಅಳಿಸುವ ಹಾಗೂ ಇಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು, ಕೆಳಗಿನದ್ದು ಓದಲು ಬರಬೇಕು. ಮಾರ್ಚ್ ಐದರ ಸಾಲು ನೋಡು. ನಿನಗೆ ಸುಳ್ಳು ಫೋಟೋ ಕಳಿಸುವ ಮೊದಲೇ, ಅದೇ ಸಂಜೆ, ಅಲ್ಲಿ ಬರೆದಿದ್ದೆ: ನಾಲ್ಕೂ ಗಿಡ ಒರೆಸಲಾಗಿದೆ. ವೆ. ನಿನಗೆ ಸುಳ್ಳು ಹೇಳಿದ ಕೈಗೆ ಹಾಳೆಯಲ್ಲಿ ಸುಳ್ಳು ಬರೆಯಲು ಬರಲಿಲ್ಲ.

ಏಕೆ ಎಂದು ಕೇಳುತ್ತೀ. ಆ ವಾರ ನನ್ನ ಮನಸ್ಸು ಸರಿಯಿರಲಿಲ್ಲ, ಅದಕ್ಕೆ ಕಾರಣ ಧೂಳಲ್ಲ. ಇಷ್ಟನ್ನೇ ಇಲ್ಲಿ ಬರೆಯಬಲ್ಲೆ.

ಉಮ್ಮನಿಗೆ ನನ್ನ ಸಲಾಮು ಹೇಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು, ಹಿಮ್ಮಡಿಯ ಕೆಳಗೆ ಮೆತ್ತಗಿನದ್ದೇನಾದರೂ ಇಡು. ನಿನ್ನ ಹಿಂದಿರುಗುವ ಟಿಕೆಟ್ ಏಪ್ರಿಲ್ ಹನ್ನೆರಡರದ್ದು, ಅದರ ಸಂದೇಶ ಎಂದಿನ ಹಾಗೆ ನನ್ನ ಫೋನಿಗೇ ಬಂದಿದೆ. ನಾನು ಬಾಗಿಲು ತೆರೆದಿಟ್ಟಿರುತ್ತೇನೆ. ನೀನು ಬಲಕ್ಕೆ ತಿರುಗುತ್ತೀಯೋ ಎಡಕ್ಕೋ ಗೊತ್ತಿಲ್ಲ.

ನಿನ್ನ ಎದುರು ಬಾಗಿಲಿನ,
ವೆನಿಸ್ಸಾ

ತಾ.ಕ. ಲಕೋಟೆ ಅಂಟಿಸುವ ಮೊದಲು ಇನ್ನೊಂದು ಹಾಳೆ ಸೇರಿಸಿದ್ದೇನೆ. ರಿಯೋನಾ ಹದಿಮೂರು ವರ್ಷದವಳಿದ್ದಾಗ ನಿನಗೆಂದು ತೆರೆದುಕೊಟ್ಟ ಇಮೇಲ್ ಇವತ್ತಿಗೂ ನನ್ನ ಫೋನಿನಲ್ಲೇ ಇದೆ. ನೀನು ಅದನ್ನು ನೋಡುವುದನ್ನು ಕಲಿತಿದ್ದೀ ಎಂದು ಅವಳು ತಿಳಿದಿರಬೇಕು. ಮಾರ್ಚ್ ಎರಡರಂದು ಅದಕ್ಕೆ ಅವಳ ಕಾಗದ ಬಂತು, ವೀಸಾಕ್ಕೆ ಬೇಕಾದ ಆಹ್ವಾನ ಪತ್ರದ ಜೊತೆ, ನಿನ್ನ ಹೆಸರಿನಲ್ಲಿ. ಝಾಯಿಮ್ಮ, ನನ್ನ ಮಗುವನ್ನು ಮೀಯಿಸಲು ನೀನೇ ಬರಬೇಕು ಎಂದು ಆಸೆ, ಆದರೆ ಉಮ್ಮನನ್ನು ಬಿಟ್ಟು ಬಾ ಎಂದು ನಾನು ಬಾಯಿಬಿಟ್ಟು ಕೇಳುವುದಿಲ್ಲ, ಫೋನಿನಲ್ಲೂ ಎತ್ತುವುದಿಲ್ಲ, ಮೂರು ವಾರದಲ್ಲಿ ಉತ್ತರ ಬಾರದಿದ್ದರೆ ಆಗುವುದಿಲ್ಲ ಎಂದು ತಿಳಿದು ಮಮ್ಮಿಯನ್ನು ಕರೆಯುತ್ತೇನೆ, ಎಂದು ಬರೆದಿದ್ದಾಳೆ. ಮೂರು ವಾರ ನಾನು ಏನೂ ಮಾಡಲಿಲ್ಲ. ಅಷ್ಟೇ ಸಾಕಾಯಿತು.

ಅವಳ ಕಾಗದ, ಆಹ್ವಾನ ಪತ್ರ ಎರಡನ್ನೂ ಕ್ಲಿನಿಕ್‌ನಲ್ಲಿ ಅಚ್ಚು ಮಾಡಿಸಿ ಇದರೊಂದಿಗೆ ಇಟ್ಟಿದ್ದೇನೆ. ವೀಸಾಕ್ಕೆ ಇನ್ನೂ ಸಮಯವಿದೆ, ಕೇಳಿ ನೋಡಿದೆ. ಇಮೇಲಿನ ಗುಪ್ತಪದ ಅವಳು ಹುಟ್ಟಿದ ದಿನ. ಅದು ನಿನಗೆ ಹೇಳಬೇಕಾಗಿಲ್ಲ. ನನ್ನ ರಜೆಯ ಅರ್ಜಿಯನ್ನು ಇನ್ನೂ ಹಿಂದೆಗೆದುಕೊಂಡಿಲ್ಲ. ಉಮ್ಮನ ಕಾರಣಕ್ಕೆ ನೀನು ಹೋಗಲಾರೆ ಎಂದುಬಿಟ್ಟರೆ ಎಷ್ಟು ಚೆನ್ನ ಎಂದು ಈ ಸಾಲು ಬರೆಯುವಾಗಲೂ ಅನಿಸುತ್ತಿದೆ. ಪ್ರೀತಮ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅಂಟಿಸುತ್ತಿದ್ದೇನೆ.